ಕಾರಣ: ಸ್ವಂತದ್ದು

ಬಳ್ಳಾರಿಯಿಂದ ವಿಮಾನ ಹತ್ತಿದ ಪ್ರತಿಯೊಬ್ಬ ಹೆಂಗಸಿನ ಚೀಲದಲ್ಲಿ ಏನಿತ್ತು ಎಂಬುದು ನಮ್ಮ ಚಿಗವ್ವನಿಗೆ ಗೊತ್ತಿತ್ತು. ಅದರಲ್ಲಿ ಆಶ್ಚರ್ಯವೇನಿಲ್ಲ, ಅದು ಅವಳ ನೌಕರಿ. ಆಶ್ಚರ್ಯವೆಂದರೆ, ನಮ್ಮ ಚಿಗವ್ವನ ಚೀಲದಲ್ಲಿ ಏನಿತ್ತು ಎಂಬುದು ಬಳ್ಳಾರಿಯಿಂದ ವಿಮಾನ ಹತ್ತಿದ ಪ್ರತಿಯೊಬ್ಬ ಹೆಂಗಸಿಗೂ ಗೊತ್ತಿತ್ತು! ಇಂಥ ಸೆಕ್ಯುರಿಟಿ ಚೆಕ್ ಭೂಮಿಯ ಮೇಲೆ ಇನ್ನೆಲ್ಲಾದರೂ ಇತ್ತೇ? ನನಗಂತೂ ಅನುಮಾನ.

ಚಿಗವ್ವ ಎಂದರೆ ನನ್ನ ತಾಯಿಯ ತಂಗಿ. ಕುರುಗೋಡಿನವಳು. ಮದುವೆಯಾದ ಎರಡನೆಯ ವರ್ಷಕ್ಕೆ ಗಂಡ ತೀರಿಕೊಂಡ. ಎಲ್ಲರೂ ಅವಳ ಮುಂದಿನ ಬದುಕಿನ ಬಗ್ಗೆ ಅಂಗಳದಲ್ಲಿ ಕೂತು ಚರ್ಚೆ ಮಾಡುತ್ತಿದ್ದಾಗ, ಇವಳು ಏಳನೇ ಕ್ಲಾಸ್ ಪಾಸಾದ ಸರ್ಟಿಫಿಕೇಟು ಹಿಡಿದು ಹಿತ್ತಲ ಬಾಗಿಲಿನಿಂದ ಹೊರಟು, ಬಳ್ಳಾರಿ ಬಸ್ ಹತ್ತಿ, ಪೊಲೀಸ್ ಪೇದೆಯಾಗಿ ಸೇರಿಬಿಟ್ಟಳು. ಅರವತ್ತರ ದಶಕದ ಮಾತು. ಖಾಕಿ ಸೀರೆ ಉಟ್ಟು ಮೊದಲ ಸಲ ಊರಿಗೆ ಹೋದಾಗ ಬಸವೇಶ್ವರ ಗುಡಿಯಲ್ಲಿ ಜನ ದೇವರನ್ನು ಬಿಟ್ಟು ಇವಳನ್ನೇ ನೋಡುತ್ತ ನಿಂತರಂತೆ. “ನೋಡ್ಲಿ ಬಿಡು, ದೇವ್ರಿಗೂ ಒಂದೀಟು ಪುರುಸೊತ್ತು ಸಿಗ್ತೈತಿ” ಅಂದಳಂತೆ.

ಎಂಬತ್ತರ ದಶಕದಲ್ಲಿ ಒಂದಷ್ಟು ಕಾಲ ಬಳ್ಳಾರಿಗೂ ಬೆಂಗಳೂರಿಗೂ ಒಂದು ಪುಟ್ಟ ವಿಮಾನ ಹಾರಾಡುತ್ತಿತ್ತು. ಪುಟ್ಟದು ಎಂದರೆ ನಮ್ಮ ಶಾಲೆಯ ವ್ಯಾನಿನಷ್ಟು, ರೆಕ್ಕೆ ಹೆಚ್ಚಿಗೆ. ಆ ವರ್ಷಗಳಲ್ಲಿ ವಿಮಾನ ಅಪಹರಣದ ಸುದ್ದಿ ಪೇಪರಿನಲ್ಲಿ ಆಗಾಗ ಬರುತ್ತಿದ್ದುದರಿಂದ, ಹತ್ತು ಹನ್ನೆರಡು ಜನ ಹತ್ತುವ ಈ ವಿಮಾನಕ್ಕೂ ತಪಾಸಣೆ ಎಂದಾಯಿತು. ಹೆಂಗಸರನ್ನು ತಪಾಸಿಸಲು ಹೆಂಗಸು ಬೇಕಲ್ಲ? ಚಿಗವ್ವನನ್ನು ಹಾಕಿದರು.

ಊರ ಹೊರಗಿನ ಆ ಬಯಲಿನಲ್ಲಿ ಒಂದು ಕೋಣೆ, ಕೋಣೆಯ ಮೂಲೆಗೆ ಒಂದು ಪರದೆ. ಪರದೆಯ ಹಿಂದೆ ಹೆಂಗಸರ ತಪಾಸಣೆ. ಇಲಾಖೆ ಕೊಟ್ಟ ಪರದೆ ಎಷ್ಟು ತೆಳ್ಳಗಿತ್ತೆಂದರೆ ಕಿಟಕಿಯ ಬೆಳಕಿಗೆ ಒಳಗಿದ್ದವರ ನೆರಳು ಹೊರಗೆ ಸಿನಿಮಾದ ಹಾಗೆ ಕಾಣುತ್ತಿತ್ತು. ಮೊದಲ ದಿನವೇ ಚಿಗವ್ವ ಅದನ್ನು ಮಡಿಚಿ ಸಾಹೇಬರ ಟೇಬಲ್ ಮೇಲಿಟ್ಟು, ಮನೆಯಿಂದ ತಂದ ಪಟ್ಟೆಪಟ್ಟೆ ಜಮಖಾನೆಯನ್ನು ನೇತುಹಾಕಿದಳು.

“ಇದೇನಮ್ಮ, ಏರ್‌ಪೋರ್ಟೋ ಮದುವಿ ಮನಿಯೋ?” ಎಂದರು ಸಾಹೇಬರು.

“ಮದುವಿ ಮನ್ಯಾಗ ಹೆಣ್ಮಕ್ಕಳು ಸೀರಿ ಉಡಾಕ ಒಂದು ಕ್ವಾಣಿ ಕೊಡ್ತಾರ್ರಿ. ಇಲ್ಲಿ ಅದೂ ಇಲ್ಲ.”

ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಮಗೆ ‘ಪ್ರೈವೆಸಿ’ ಎಂಬ ಶಬ್ದ ಕಲಿಸಿದ್ದರು. ಬಾಗಿಲು ತಟ್ಟಿ ಒಳಗೆ ಬಾ, ಇನ್ನೊಬ್ಬರ ಕಾಗದ ಓದಬೇಡ, ಇತ್ಯಾದಿ. ನಾನು ಆ ಶಬ್ದದ ಸ್ಪೆಲಿಂಗನ್ನು ಮೂವತ್ತು ವರ್ಷ ಹುಡುಗಿಯರಿಗೆ ಕಲಿಸಿದೆ. ಚಿಗವ್ವನಿಗೆ ಆ ಶಬ್ದ ಗೊತ್ತಿರಲಿಲ್ಲ. ಜಮಖಾನೆ ಗೊತ್ತಿತ್ತು.

ಆ ಜಮಖಾನೆಯ ಹಿಂದೆ ಅವಳದೇ ಒಂದು ಪದ್ಧತಿ ಶುರುವಾಯಿತು. ಒಳಗೆ ಬಂದ ಹೆಂಗಸಿಗೆ ಮೊದಲು ತನ್ನ ಚೀಲ ಬಿಚ್ಚಿ ತೋರಿಸುವುದು. “ಬಾರವ್ವ. ಮೊದ್ಲು ನೀ ನಂದು ನೋಡು. ಆಮ್ಯಾಲೆ ನಾ ನಿಂದು ನೋಡ್ತೀನಿ.” ಎಲೆ ಅಡಿಕೆ, ಒಂದು ವಿಭೂತಿ ಉಂಡೆ, ತಲೆನೋವಿನ ಮುಲಾಮು, ಬಟ್ಟೆಯಲ್ಲಿ ಕಟ್ಟಿದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಪುಡಿ. ಯಾವ ರೂಲ್ ಬುಕ್ಕಿನಲ್ಲಿದೆ ಇದು? ಕೇಳಿದರೆ, “ಒಬ್ಬಾಕಿ ಚೀಲಕ್ಕ ಕೈ ಹಾಕ್ಬೇಕಂದ್ರ ಪುಕ್ಕಟ ಹಾಕಾಕ ಬರಂಗಿಲ್ಲ” ಎನ್ನುತ್ತಿದ್ದಳು.

ಒಮ್ಮೆ ದೊಡ್ಡ ಗಣಿ ಮಾಲೀಕರೊಬ್ಬರ ಹೆಂಡತಿ ಬಂದರು. ಮೈತುಂಬ ವಜ್ರ, ಮುಖದ ತುಂಬ ಸಿಟ್ಟು. “ನನ್ನ ಬ್ಯಾಗ್ ಮುಟ್ಟಿದ್ರೆ ನೋಡು” ಎನ್ನುತ್ತಲೇ ಒಳಗೆ ಹೋದರು. ಐದು ನಿಮಿಷವಾಯಿತು, ಹತ್ತಾಯಿತು. ವಿಮಾನದ ಫ್ಯಾನು ತಿರುಗತೊಡಗಿತು. ಹೊರಗೆ ಸಾಹೇಬರು ಗಡಿಯಾರ ನೋಡುತ್ತ ಅತ್ತಿಂದಿತ್ತ ಓಡಾಡುತ್ತಿದ್ದರು. ಕೊನೆಗೆ ಜಮಖಾನೆ ಸರಿಸಿ ಹೊರಬಂದ ಆ ಹೆಂಗಸು ಬೆರಳು ನೆಕ್ಕುತ್ತಿದ್ದರು! ಅವರ ತವರಿನಲ್ಲಿ ಇದೇ ಚಟ್ನಿ ಮಾಡುತ್ತಿದ್ದರಂತೆ, ತಾಯಿ ಹೋದ ಮೇಲೆ ಯಾರೂ ಮಾಡಿ ಹಾಕಿರಲಿಲ್ಲವಂತೆ. ಆ ದಿನದ ವಿಮಾನ ಯಾಕೆ ತಡವಾಯಿತೆಂದು ಬೆಂಗಳೂರಿನವರಿಗೆ ಸಾಹೇಬರು ಏನು ವರದಿ ಕೊಟ್ಟರೋ, ನನಗೆ ತಿಳಿಯದು. ಶೇಂಗಾ ಚಟ್ನಿ ಎಂದಂತೂ ಬರೆದಿರಲಾರರು.

ಆಮೇಲೆ ಮಿಷಿನ್ ಬಂತು. ಕೈಯಲ್ಲಿ ಹಿಡಿದು ಮೈಯ ಸುತ್ತ ಆಡಿಸುವ ಮೆಟಲ್ ಡಿಟೆಕ್ಟರ್. ಜೊತೆಗೆ ಒಂದು ಇಂಗ್ಲಿಷ್ ಪುಸ್ತಕ. ಸಾಹೇಬರನ್ನು ಹೇಗೆ ಒಪ್ಪಿಸಿದಳೋ, ಒಂದು ರಜೆಯ ದಿನ ಎರಡನ್ನೂ ಬಗಲಲ್ಲಿಟ್ಟುಕೊಂಡು ಸತ್ಯನಾರಾಯಣಪೇಟೆಯ ನಮ್ಮ ಮನೆಗೆ ಬಂದಳು.

“ಓದವ್ವ, ನಿನ್ನ ಇಂಗ್ಲಿಷ್ ಏನಾರ ಉಪಯೋಗಕ್ಕ ಬರ್ಲಿ.”

ನಾನು ಓದಿ ಹೇಳಿದೆ, ಅವಳು ಆಡಿಸಿ ನೋಡಿದಳು. ಮಿಷಿನ್ ಒಗ್ಗರಣೆ ಸೌಟಿಗೆ ಕೂಗಿತು, ಹೊಲಿಗೆ ಯಂತ್ರಕ್ಕೆ ಕೂಗಿತು, ಪೂಜೆ ಮುಗಿಸಿ ಪಡಸಾಲೆಗೆ ಬಂದ ನನ್ನ ಅತ್ತೆಯ ಸೊಂಟಕ್ಕೆ ಕೂಗಿತು. ಅತ್ತೆ ಬೆಚ್ಚಿ ಸೆರಗು ಬಿಗಿ ಹಿಡಿದುಕೊಂಡರು. ಚಿಗವ್ವ ಕೂಡಲೇ ಗುಂಡಿ ಒತ್ತಿ ಆರಿಸಿ, “ಬ್ಯಾಟರಿ ಸರಿ ಇಲ್ಲ, ಸುಮ್ಮಸುಮ್ಮನ ಒದರ್ತೈತಿ” ಎಂದಳು.

ಆದರೆ ನಾನು ಕಾನ್ವೆಂಟಿನಲ್ಲಿ ಲಾಜಿಕ್ ಕಲಿತವಳು. ನಮ್ಮ ಮನೆಯ ಉಗ್ರಾಣದ ಕಪಾಟಿನ ಕೀಲಿ ಮೂರು ತಿಂಗಳಿಂದ ಕಳೆದುಹೋಗಿತ್ತು, ಕಳೆದವಳು ನಾನೇ ಎಂದು ತೀರ್ಮಾನವೂ ಆಗಿತ್ತು! ಗೇಟಿನ ತನಕ ಚಿಗವ್ವನ ಬೆನ್ನು ಹತ್ತಿದೆ.

“ಚಿಗವ್ವ, ನಮ್ಮತ್ತಿ ಸೊಂಟದಾಗ ಏನಿತ್ತು?”

“ಆಯಮ್ಮಂದು ಸ್ವಂತದ್ದು.”

“ಕಪಾಟಿನ ಕೀಲಿ ಅಲ್ಲೇನು? ಹೌದಂತ ಒಂದು ತಲಿ ಆಡ್ಸು, ಸಾಕು.”

“ಡ್ಯೂಟಿ ಮ್ಯಾಲಿದ್ದಾಗ ಕಂಡದ್ದು ಹೇಳಂಗಿಲ್ಲ.”

“ಇವತ್ತು ನಿನಗ ರಜಾ ಐತಲ್ಲ!”

“ಮಿಷಿನ್ ಕೈಯಾಗಿತ್ತಂದ್ರ ಡ್ಯೂಟಿನ.”

ಕೀಲಿ ಮುಂದಿನ ವಾರ ಅಕ್ಕಿ ಡಬ್ಬಿಯಲ್ಲಿ ತಾನಾಗಿಯೇ ‘ಸಿಕ್ಕಿತು.’ ಅತ್ತೆ ಆಮೇಲೆ ಚಿಗವ್ವ ಬಂದಾಗಲೆಲ್ಲ ತುಪ್ಪ ಸ್ವಲ್ಪ ಜಾಸ್ತಿಯೇ ಬಡಿಸುತ್ತಿದ್ದರು.

ಮಿಷಿನ್ನಿನ ಜೊತೆ ಒಂದು ರಿಜಿಸ್ಟರೂ ಬಂದಿತ್ತು. ಅದು ಕೂಗಿದಾಗಲೆಲ್ಲ ಪ್ರಯಾಣಿಕರ ಹೆಸರು ಬರೆದು, ಎದುರಿಗೆ ‘ಕಾರಣ’ ಎಂಬ ಕಾಲಂ ತುಂಬಬೇಕು. ಹಳೆಯ ಸಾಹೇಬರು ಅದನ್ನು ತೆರೆದು ನೋಡುವವರಲ್ಲ. ಅವರು ವರ್ಗವಾಗಿ ಹೊಸಬರು ಬಂದರು, ಚಿಕ್ಕ ವಯಸ್ಸು, ಇಸ್ತ್ರಿಯ ಗೆರೆ ಮುರಿಯದ ಮನುಷ್ಯ. ತೆರೆದು ನೋಡಿದರು. ಮೊದಲ ಸಾಲಿನಲ್ಲಿ, ಕಾರಣ: ಸ್ವಂತದ್ದು. ಎರಡನೆಯ ಸಾಲಿನಲ್ಲಿ, ಸ್ವಂತದ್ದು. ಪುಟ ತಿರುಗಿಸಿದರು. ಮೇಲಿನಿಂದ ಕೆಳಗಿನವರೆಗೆ, ದುಂಡಗಿನ ಅಕ್ಷರದಲ್ಲಿ, ಸ್ವಂತದ್ದು, ಸ್ವಂತದ್ದು, ಸ್ವಂತದ್ದು!

“ಏನಮ್ಮ ಇದು? ನಾಳೆ ಬಾಂಬ್ ಸಿಕ್ಕರೂ ಸ್ವಂತದ್ದು ಅಂತ ಬರೀತೀಯೇನು?”

“ಬಾಂಬ್ ಹೆಂಗ್ರಿ ಸ್ವಂತದ್ದಾಗ್ತೈತಿ ಸಾಹೇಬ್ರ? ಅದು ವಿಮಾನದಾಗ ಕುಂತ ಎಲ್ಲಾರಿಗೂ ಸೇರಿದ್ದು. ಸಿಕ್ರ ನಿಮ್ಮ ಕೈಯಾಗ ತಂದು ಕೊಡ್ತೀನಿ.”

ಸಾಹೇಬರು ನಗಲಿಲ್ಲ. ಇನ್ನು ಮುಂದೆ ವಸ್ತುವಿನ ಹೆಸರು ಬರೆಯದಿದ್ದರೆ ಮೆಮೋ ಎಂದರು. ಅವರದೂ ತಪ್ಪಿರಲಿಲ್ಲ. ಹೆಚ್ಚುಕಮ್ಮಿಯಾದರೆ ಕೇಳುವುದು ಅವರನ್ನೇ ತಾನೆ?

ಇಲ್ಲಿಯ ತನಕ ನಗುತ್ತ ಬಂದಿರಿ. ಇನ್ನು ಮುಂದಿನದನ್ನು ನಾನು ಸ್ವಲ್ಪ ನಿಧಾನವಾಗಿ ಬರೆಯಬೇಕು.

ಆ ವರ್ಷದ ಬೇಸಿಗೆ ರಜೆಯಲ್ಲಿ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ನನ್ನ ಎಡ ಸ್ತನವನ್ನು ತೆಗೆದಿದ್ದರು. ಈ ವಾಕ್ಯವನ್ನು ಕನ್ನಡದಲ್ಲಿ ಬರೆಯುತ್ತಿರುವುದು ಇದೇ ಮೊದಲು. ಇಂಗ್ಲಿಷಿನಲ್ಲಿ ಹೇಳುವುದು ಸುಲಭ, ಇನ್ಯಾರದೋ ಮೈಯ ಮಾತಿನ ಹಾಗೆ ಕೇಳುತ್ತದೆ. ಶಾಲೆಯಲ್ಲಿ ಗಾಲ್ ಬ್ಲಾಡರ್ ಎಂದು ಹೇಳಿದ್ದೆ. ಅತ್ತೆಗೂ ಅದನ್ನೇ. ಗೊತ್ತಿದ್ದದ್ದು ನನ್ನ ಯಜಮಾನರಿಗೆ ಒಬ್ಬರಿಗೇ. ಆ ಕಾಲದಲ್ಲಿ ಆ ಕಾಯಿಲೆಯ ಹೆಸರನ್ನೇ ಜನ ದನಿ ತಗ್ಗಿಸಿ ಹೇಳುತ್ತಿದ್ದರು. ಗೊತ್ತಾದ ಮೇಲೆ ಆ ಮನೆಯ ಲೋಟದಲ್ಲಿ ನೀರು ಕುಡಿಯುತ್ತಿರಲಿಲ್ಲ.

ಒಂದು ಬಟ್ಟೆಯ ಗೂಡು ಹೊಲಿದು, ಹತ್ತಿ ತುಂಬಿ, ರವಿಕೆಯೊಳಗೆ ಇಟ್ಟುಕೊಂಡೆ. ಬಳ್ಳಾರಿ ಸೀಮೆಯಲ್ಲಿ ಹತ್ತಿಗೇನು ಬರವೇ? ಆದರೆ ಹತ್ತಿ ಹಗುರ. ಬೋರ್ಡಿನ ಮೇಲೆ ಎರಡು ಸಾಲು ಬರೆಯುವಷ್ಟರಲ್ಲಿ ಅದು ಮೇಲೇರಿ ಕೊರಳ ಹತ್ತಿರ ಬಂದು ಕೂರುತ್ತಿತ್ತು. ಮುಂದಿನ ಬೆಂಚಿನ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡದ್ದನ್ನು ಒಂದು ದಿನ ಕಂಡೆ. ಅಂದು ಸಂಜೆಯೇ ಕೌಲ್ ಬಜಾರಿನ ಸೈಕಲ್ ಅಂಗಡಿಗೆ ಹೋಗಿ, ಬೇರಿಂಗಿನೊಳಗೆ ಹಾಕುತ್ತಾರಲ್ಲ, ಆ ಸಣ್ಣ ಉಕ್ಕಿನ ಗುಂಡುಗಳನ್ನು ಕೇಳಿದೆ.

“ಎಷ್ಟು ಕೊಡ್ಲಿ ಮೇಡಂ?”

“ಒಂದು ಹಿಡಿ.”

“ಒಂದು ಹಿಡೀನಾ! ಸೈಕಲ್ ಎಷ್ಟು ಅದಾವ್ರಿ ಮನ್ಯಾಗ?”

“ಒಂದೇ” ಎಂದೆ. ಅವನು ಗಾಡಿಯನ್ನೇ ತರಲು ಹೇಳಿದ, ಒಂದು ಸೈಕಲ್ಲಿಗೆ ಇಷ್ಟು ಬೇಕೆಂದವರು ಯಾರೋ ನಿಮಗೆ ಮೋಸ ಮಾಡುತ್ತಿದ್ದಾರೆ ಮೇಡಂ, ನಾನು ನೋಡಿ ಸರಿ ಮಾಡಿಕೊಡುತ್ತೇನೆ ಎಂದ. ಪಾಪ, ಒಳ್ಳೆಯ ಮನುಷ್ಯ.

ಹತ್ತಿಯ ನಡುವೆ ಗುಂಡುಗಳನ್ನಿಟ್ಟು ಹೊಲಿದೆ. ತೂಕ ಕೂತಿತು. ಸೆರಗು ನೇರವಾಯಿತು. ಕ್ರಮೇಣ ಅದು ನನ್ನ ಮೈಯೇ ಆಗಿಹೋಯಿತು. ಎಷ್ಟರಮಟ್ಟಿಗೆ ಎಂದರೆ, ಆರು ತಿಂಗಳ ಮೇಲೆ ಚೆಕಪ್ಪಿಗೆಂದು ಯಜಮಾನರು ವಿಮಾನದ ಟಿಕೆಟ್ ತಂದಾಗ, ಮಿಷಿನ್ನಿನ ಪುಸ್ತಕವನ್ನು ಓದಿ ಹೇಳಿದ ನಾನೇ, ಕೂಗಬಾರದೆಂದು ಬಳೆ ತೆಗೆದೆ, ಪಿನ್ನು ತೆಗೆದೆ, ಕಾಲುಂಗುರ ಸಹ ತೆಗೆದು ಪರ್ಸಿಗೆ ಹಾಕಿದೆ. ಇದೊಂದು ನೆನಪಿಗೇ ಬರಲಿಲ್ಲ.

ಯಜಮಾನರು ಗಂಡಸರ ಸಾಲಿನಲ್ಲಿ ಆಚೆ ಹೋಗಿಯಾಗಿತ್ತು. ನಾನು ಜಮಖಾನೆಯ ಹಿಂದೆ ಹೋದೆ. “ಓಹೋ, ಬರ್ರಿ ಟೀಚರಮ್ಮ” ಎಂದು ಚಿಗವ್ವ ನಗುತ್ತ ತನ್ನ ಚೀಲ ತೋರಿಸಿದಳು, ನಾನು ತಮಾಷೆಗೆ ಇಣುಕಿ ನೋಡಿದೆ. ಮಿಷಿನ್ ಎತ್ತಿದಳು. ಅದು ಎಡಗಡೆ ಬಂದದ್ದೇ ಕಿರುಚಿಕೊಂಡಿತು.

ಚಿಗವ್ವ ಇನ್ನೊಮ್ಮೆ ಆಡಿಸಿದಳು. ಇನ್ನೊಮ್ಮೆ ಕಿರುಚಿತು.

“ಏನವ್ವ ಅದು?” ಎಂದಳು ಮೆಲ್ಲಗೆ.

ಕೈ ಎದೆಯ ಮೇಲೆ ಇಟ್ಟುಕೊಂಡು ‘ಆಪರೇಷನ್’ ಎಂದೆ, ಅಷ್ಟೆ. ಅವಳು ಮಿಷಿನ್ ಆರಿಸಿ ಸ್ಟೂಲಿನ ಮೇಲಿಟ್ಟು, “ತಗದು ಕೊಡು, ನೋಡ್ಬೇಕು” ಎಂದಳು.

ಅಕ್ಕನ ಮಗಳಾದರೇನು, ನೋಡದೆ ಬಿಡುವ ಮಾತೇ ಇಲ್ಲ! ಅದನ್ನು ಕೈಗೆ ತೆಗೆದುಕೊಂಡು ಒಂದೊಂದು ಹೊಲಿಗೆಯನ್ನೂ ಒತ್ತಿ ನೋಡಿದಳು. ಒಳಗಿನ ಗುಂಡುಗಳನ್ನು ಬೆರಳಲ್ಲಿ ಉರುಳಿಸಿದಳು. ಒಂದು ಮೂಲೆಯ ದಾರ ಬಿಚ್ಚಿ ಗುಂಡೊಂದನ್ನು ಬೆಳಕಿಗೆ ಹಿಡಿದು, ವಾಪಸ್ ಹಾಕಿ, ತನ್ನ ಸೀರೆಯ ಪಿನ್ನಿನಿಂದ ಆ ಬಾಯಿ ಮುಚ್ಚಿದಳು. ನನ್ನ ಕೈಗೆ ಕೊಟ್ಟು, ಬೆನ್ನು ತಿರುಗಿಸಿ ನಿಂತುಕೊಂಡಳು.

ಹೊರಗಿನಿಂದ ಸಾಹೇಬರ ದನಿ. “ಏನದು? ಎರಡು ಸಲ ಕೂಗ್ತಲ್ಲ?”

“ನೋಡೀನ್ರಿ. ಸ್ವಂತದ್ದು.”

“ಏನು ವಸ್ತು ಹೇಳಮ್ಮ.”

“ಕೈಯಾಗ ಹಿಡದು ನೋಡೀನ್ರಿ ಸಾಹೇಬ್ರ. ವಿಮಾನಕ್ಕ ಏನೂ ಆಗಂಗಿಲ್ಲ.”

“ಆ ಪ್ಯಾಸೆಂಜರ್ ನಿನ್ನ ಸಂಬಂಧಿ ಅಂತ ನನಗೆ ಗೊತ್ತು. ವಸ್ತುವಿನ ಹೆಸರು ಬರಿ, ಇಲ್ಲ ಹೊರಗೆ ತಂದು ತೋರಿಸು.”

ಚಿಗವ್ವ ಜಮಖಾನೆಯ ಅಂಚನ್ನು ಎರಡೂ ಕೈಯಿಂದ ಹಿಡಿದು ಮುಖ ಮಾತ್ರ ಹೊರಗೆ ಹಾಕಿದಳು. “ತೋರ್ಸಂಗಿಲ್ರಿ. ಏನಾರ ಆದ್ರ ನನ್ನ ಮ್ಯಾಲ ಬರಕೋರಿ. ಆಯಮ್ಮನ್ನ ವಿಮಾನ ಹತ್ತಸ್ರಿ.”

ನಾನು ವಿಮಾನ ಹತ್ತಿದೆ. ಮೋಡದ ಮೇಲಿನ ಆಕಾಶ ಹೇಗಿತ್ತು ಎಂದು ಶಾಲೆಯ ಮಕ್ಕಳು ಕೇಳಿದಾಗ ಏನೋ ಹೇಳಿದೆ. ನಾನು ಕಿಟಕಿಯ ಹೊರಗೆ ನೋಡಿಯೇ ಇರಲಿಲ್ಲ.

ಹತ್ತು ದಿನಕ್ಕೆ ಚಿಗವ್ವ ಒಂದು ಲಕೋಟೆ ಹಿಡಿದು ಮನೆಗೆ ಬಂದಳು. “ಓದವ್ವ, ಇಂಗ್ಲಿಷಿನಾಗೈತಿ.” ಮೆಮೋ. ಸಂಬಂಧಿಯೊಬ್ಬಳು ಮೈಯಲ್ಲಿ ಅಡಗಿಸಿ ಸಾಗಿಸಿದ ಲೋಹದ ವಸ್ತುವನ್ನು ದಾಖಲಿಸದೆ ಬಿಟ್ಟದ್ದಕ್ಕೆ ಏಳು ದಿನದಲ್ಲಿ ವಿವರಣೆ ಕೊಡಬೇಕು, ಇಲ್ಲವಾದರೆ ಸಸ್ಪೆನ್ಷನ್. ಅವರು ಚಿನ್ನ ಎಂದು ಅನುಮಾನಿಸಿದ್ದರು. ಪೆನ್ಷನ್ನಿಗೆ ಅವಳಿಗೆ ನಾಲ್ಕೇ ವರ್ಷ ಉಳಿದಿತ್ತು. ಬೇರೆ ಆಸರೆಯಿಲ್ಲದ ಹೆಂಗಸು.

“ಚಿಗವ್ವ, ನಾನ ಬರದು ಕೊಡ್ತೀನಿ, ಏನಿತ್ತಂತ. ಡಾಕ್ಟರ ಚೀಟಿ ಜತಿಗೆ ಹಚ್ತೀನಿ. ಮುಗೀತದ.”

“ಮುಗಿಯಂಗಿಲ್ಲ. ಶುರು ಆಗ್ತೈತಿ. ಫೈಲು ಹೆಂಗ ಹೋಗ್ತೈತಿ ನಿನಗೇನು ಗೊತ್ತು? ಟಪಾಲಿನವ ಓದ್ತಾನ, ಗುಮಾಸ್ತ ಓದ್ತಾನ, ಚಾ ಕುಡಿಯಾಗ ಜೋರಾಗಿ ಓದ್ತಾರ. ಅವರ ಹುಡುಗ್ಯಾರೆಲ್ಲ ನಿನ್ನ ಸಾಲ್ಯಾಗ ಅದಾರ.”

“ಹಂಗಂತ ನಿನ್ನ ನೌಕರಿ...”

“ನೀ ಆಗಿದ್ದಕ್ಕ ಬರೀಲಿಲ್ಲ ಅಂತ ತಿಳಕೋಬ್ಯಾಡ. ಯಾರ ಆಗಿದ್ರೂ ಬರೀತಿರಲಿಲ್ಲ.”

ನಾನು ಇನ್ನೊಮ್ಮೆ ಒತ್ತಾಯ ಮಾಡಲಿಲ್ಲ. ನಿಜ ಹೇಳಬೇಕೆಂದರೆ, ಅವಳು ಬೇಡವೆಂದಾಗ ನನಗೆ ಉಸಿರು ಬಂದಿತ್ತು. ಸಿಸ್ಟರ್‌ಗಳು ಕಾನ್ಶೆನ್ಸ್ ಎಂಬ ಶಬ್ದವನ್ನೂ ಕಲಿಸಿದ್ದರು. ಅದರ ಸ್ಪೆಲಿಂಗೂ ನನಗೆ ಚೆನ್ನಾಗಿ ಬರುತ್ತಿತ್ತು.

“ಹಂಗಾದ್ರ ಆ ಮಿಷಿನ್ನ ಬ್ಯಾಡಂತೀಯೇನು?” ಎಂದು ಸಿಟ್ಟಿನಿಂದ ಕೇಳಿದೆ. ಸಿಟ್ಟು ನನ್ನ ಮೇಲೇ.

“ಯಾಕ ಬ್ಯಾಡ? ಬೇಕು. ನನ್ನ ಕಣ್ಣಿಗೆ ಕಾಣದ್ದು ಅದಕ್ಕ ಕಾಣ್ತೈತಿ. ಆದ್ರ ಅದಕ್ಕ ಒದರಾಕ ಒಂದ ಬರ್ತೈತಿ, ಸುಮ್ಮನಿರಾಕ ಬರಂಗಿಲ್ಲ. ಅದಕ್ಕ ಅಲ್ಲೇನು ಜತಿಗೆ ನನ್ನ ನಿಂದ್ರಿಸಿದ್ದು? ತಗೋ, ಬರಿ.”

ಅವಳು ಹೇಳುತ್ತ ಹೋದಳು, ನಾನು ಇಂಗ್ಲಿಷಿನಲ್ಲಿ ಬರೆದೆ. ಹುಡುಕಬೇಕಾದ್ದನ್ನು ಹುಡುಕಿದ್ದೇನೆ. ವಿಮಾನಕ್ಕೆ ಅಪಾಯ ಮಾಡುವಂಥದ್ದು ಇರಲಿಲ್ಲ, ಚಿನ್ನವೂ ಇರಲಿಲ್ಲ. ಇದ್ದದ್ದು ಆಕೆಯ ಸ್ವಂತದ್ದು. ಮೂರೇ ವಾಕ್ಯ. ಕೆಳಗೆ ದುಂಡಗೆ ಕನ್ನಡದಲ್ಲಿ ಸಹಿ ಮಾಡಿದಳು. ನನ್ನ ಕೈಬರಹದ ಆ ಕಾಗದದಲ್ಲಿ ನನ್ನ ಹೆಸರೊಂದು ಬಿಟ್ಟು ಎಲ್ಲವೂ ಇತ್ತು.

ಸಸ್ಪೆಂಡ್ ಮಾಡಲಿಲ್ಲ. ಒಂದು ಇನ್‌ಕ್ರಿಮೆಂಟ್ ತಡೆದು ಸಿರುಗುಪ್ಪಕ್ಕೆ ವರ್ಗ ಮಾಡಿದರು. ಜಮಖಾನೆ ಮಡಿಚಿಕೊಂಡು ಹೋದಳು. ಆ ಪುಟ್ಟ ವಿಮಾನವೂ ಸ್ವಲ್ಪ ಕಾಲದಲ್ಲಿ ಬರುವುದನ್ನು ನಿಲ್ಲಿಸಿತು. ಈಗೆಲ್ಲ ಮೈಯ ಆಕಾರವನ್ನೇ ಪರದೆಯ ಮೇಲೆ ಮೂಡಿಸುವ ಮಿಷಿನ್‌ಗಳು ಬಂದಿವೆಯಂತೆ. ಅವುಗಳ ಪಕ್ಕ ಯಾರನ್ನು ನಿಲ್ಲಿಸಿದ್ದಾರೋ.

ಅವಳನ್ನು ನೋಡಲು ಹೋಗುವ ಧೈರ್ಯ ನನಗೆ ಬರಲು ಸಂಕ್ರಾಂತಿ ಕಳೆಯಬೇಕಾಯಿತು. ಸಿರುಗುಪ್ಪದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಕ್ಷಮೆ ಕೇಳುವ ಮಾತನ್ನು ಹೊಂದಿಸುತ್ತಿದ್ದೆ, ಒಮ್ಮೆ ಇಂಗ್ಲಿಷಿನಲ್ಲಿ, ಒಮ್ಮೆ ಕನ್ನಡದಲ್ಲಿ. ಎರಡು ಕೋಣೆಯ ಬಾಡಿಗೆ ಮನೆ. ಅವಳು ನನಗೆ ಬಾಯಿ ತೆರೆಯಲೇ ಬಿಡಲಿಲ್ಲ. ಊಟಕ್ಕೆ ಹಾಕಿದಳು. ಸಿರುಗುಪ್ಪದ ಅಕ್ಕಿ ಎಂಥ ಅಕ್ಕಿ, ಅನ್ನ ಹೆಂಗ ಉದುರುದುರು ನೋಡು ಎಂದಳು. ಇಲ್ಲಿಯ ಠಾಣೆಗೆ ಗಂಡ ಹೆಂಡಿರ ಜಗಳ ಬಿಟ್ಟರೆ ಬೇರೇನೂ ಬರುವುದಿಲ್ಲ, ಬರೆಯುವಂಥದ್ದೇ ಇರುವುದಿಲ್ಲ, ಆರಾಮಾಗಿ ಅದೀನಿ ಎಂದಳು.

ಹೊರಡುವ ಹೊತ್ತಿಗೆ ಟ್ರಂಕಿನಿಂದ ಒಂದು ಬಟ್ಟೆಯ ಗಂಟು ತೆಗೆದು ನನ್ನ ಮಡಿಲಿಗೆ ಹಾಕಿದಳು. ಬಿಚ್ಚಿ ನೋಡಿದೆ. ಮೆತ್ತಗಿನ ಮಲ್ ಬಟ್ಟೆಯಲ್ಲಿ ಕೈಯಿಂದ ಹೊಲಿದದ್ದು, ದುಂಡಗೆ, ಎರಡು ಪದರ. ಕೈಯಲ್ಲಿ ಹಿಡಿದರೆ ತೂಕವಿತ್ತು, ಒತ್ತಿದರೆ ಬೆರಳಿನ ಆಕಾರಕ್ಕೆ ಸರಿಯುತ್ತಿತ್ತು.

“ಹಸಗೂಸಿನ ತಲಿದಿಂಬಿಗೆ ತುಂಬ್ತೀವಲ್ಲ, ಹಂಗ ಸಾಸಿವಿ ತುಂಬೀನಿ. ಉಕ್ಕಿನ ಗುಂಡು ಎದಿಗೆ ಒತ್ತೋದಿಲ್ಲೇನವ್ವ, ಗಾಯ ಆದ ಜಾಗ ಅದು. ಇದು ಒತ್ತಂಗಿಲ್ಲ. ಯಾ ಮಿಷಿನ್ನಿಗೂ ಒದರಂಗಿಲ್ಲ. ಹೋಗು, ಒಳಗ ಹೋಗಿ ಹಾಕ್ಕೊಂಡು ಬಾ.”

ಹಾಕಿಕೊಂಡು ಬಂದೆ. ಅವಳು ಎರಡು ಹೆಜ್ಜೆ ಹಿಂದೆ ಸರಿದು ಮೇಲಿಂದ ಕೆಳಗೆ ನೋಡಿದಳು. ಹತ್ತಿರ ಬಂದು ನನ್ನ ಸೆರಗಿನ ನೆರಿಗೆ ಸರಿಮಾಡಿ, ಹೆಗಲ ಮೇಲೆ ಕೂರಿಸಿದಳು.

ಆಪರೇಷನ್ ಆದ ಮೇಲೆ ನಾನು ಒಮ್ಮೆಯೂ ಅತ್ತಿರಲಿಲ್ಲ. ಡಾಕ್ಟರ ಮುಂದೆ ಇಲ್ಲ, ಯಜಮಾನರ ಮುಂದೆ ಇಲ್ಲ. ಸಿರುಗುಪ್ಪದ ಆ ಬಾಡಿಗೆ ಮನೆಯಲ್ಲಿ ನಿಂತು, ಕಾನ್ವೆಂಟಿನ ಮ್ಯಾನರ್ಸ್ ಎಲ್ಲ ಮರೆತು, ದನಿ ತೆಗೆದು ಅತ್ತುಬಿಟ್ಟೆ. ಚಿಗವ್ವ ಸ್ವಲ್ಪ ಹೊತ್ತು ಬಿಟ್ಟಳು. ಆಮೇಲೆ ತನ್ನ ಸೆರಗಿನಿಂದ ನನ್ನ ಗಲ್ಲ ಒರೆಸುತ್ತ ಹೇಳಿದಳು.

“ಸಾಕು ಬಿಡವ್ವ, ಇನ್ನ ಅಳಬ್ಯಾಡ. ಸಾಸಿವಿ ತೊಯ್ದ್ರ ಮೊಳಕಿ ಒಡೀತಾವ.”